ಆಲಿಸ್ ಇನ್ ಚೈನ್ಸ್ ಅನ್ನೋ ರಾಕ್ ಬ್ಯಾಂಡಿನ ಹುಚ್ಚು ಹಿಡಿದಿರೋರು ಯಾರಾದ್ರೂ ಇದೀರಾ? ಏನಿದೆ ಇವರ ಹಾಡಲ್ಲಿ ಅಂಥದ್ದು?

ತಂತಿಮನೆ:
ಎಲ್ರಿಗೂ ನಮಸ್ಕಾರ. ನಿರ್ವಾಣ, ಪರ್ಲ್ ಜ್ಯಾಮ್ ಎಲ್ಲಾ ಕಾಲೇಜ್ ಟೈಮಿಂದ ಕೇಳ್ಕೊಂಡು ಬಂದಿದೀನಿ, ಸೌಂಡ್‌ಗಾರ್ಡನ್ ಕೂಡ ಇಷ್ಟ, ಆದ್ರೆ ಅದೇ ಸಿಯಾಟಲ್‌ನ ಆಲಿಸ್ ಇನ್ ಚೈನ್ಸ್ ಮಾತ್ರ ಯಾಕೋ ತಪ್ಪೇ ಹೋಗಿತ್ತು. ಮೊನ್ನೆ ಅವರ 1996ರ ಅನ್‌ಪ್ಲಗ್ಡ್ (MTVಗೆ ಅಂತ ಅಕೌಸ್ಟಿಕ್ ಆಗಿ ಮಾಡಿದ ಶೋ) ನೋಡ್ದೆ, ಅದೇ ಬ್ರೂಕ್ಲಿನ್‌ನಲ್ಲಿ ಮಾಡಿದ್ದು, ಅವತ್ತಿಂದ ಬೇರೆ ಏನ್ ಹಾಕಿದ್ರೂ ಎರಡು ನಿಮಿಷಕ್ಕೆ ತೆಗೆದು ಮತ್ತೆ ಇದನ್ನೇ ಹಾಕ್ಕೋತಿದೀನಿ. ಹಾಡುಗಳೆಲ್ಲ ನೋಡಿದ್ರೆ ಸಾವು, ಚಟ, ಒಂಟಿತನ, ಇಷ್ಟೇ. ಕೇಳಿದ್ರೆ ಮನಸ್ಸು ಕುಗ್ಗಬೇಕು ತಾನೆ? ನಂಗೆ ಉಲ್ಟಾ ಆಗ್ತಿದೆ, ಕೇಳಿದ್ಮೇಲೆ ಎದೆ ಹಗುರ ಆದಂಗೆ ಇರುತ್ತೆ. ನಿಮಗೂ ಹಿಂಗೇನಾ, ನಿಮ್ಮನ್ನ ಹಿಡಿದು ನಿಲ್ಲಿಸಿದ್ದು ಏನು? ಪೂರ್ತಿ ಆಲ್ಬಂ ಕೇಳೋದಾದ್ರೆ ಎಲ್ಲಿಂದ ಶುರು ಮಾಡ್ಲಿ ಅಂತಾನೂ ಹೇಳಿ.

ಎರಡನೇ_ದನಿ:
ಒಂದೇ ಉತ್ತರ ಗುರು, ಎರಡು ದನಿ. ಸಿಂಗರ್ ಲೇನ್ ಸ್ಟೇಲಿ ಮತ್ತೆ ಗಿಟಾರ್ ನುಡಿಸೋ ಜೆರ್ರಿ ಕ್ಯಾಂಟ್ರೆಲ್. ಬೇರೆ ರಾಕ್ ಬ್ಯಾಂಡಲ್ಲಿ ಸಿಂಗರ್ ಒಬ್ಬ ಇರ್ತಾನೆ, ಕೋರಸ್ ಬಂದಾಗ ಗಿಟಾರ್ ಹಿಡಿದವರು ಹಿಂದಿಂದ ಒಂದಿಷ್ಟು ದನಿ ಸೇರಿಸ್ತಾರೆ, ಅಲ್ಲಿಗೆ ಮುಗೀತು. ಇಲ್ಲಿ ಹಂಗಿಲ್ಲ. 'ನೋ ಎಕ್ಸ್‌ಕ್ಯೂಸಸ್' ಹಾಕಿ, ಇಬ್ರೂ ಒಟ್ಟಿಗೇ ಹಾಡ್ತಿರ್ತಾರೆ, ಯಾರದ್ದು ಮುಖ್ಯ ದನಿ ಯಾರದ್ದು ಜೊತೆ ದನಿ ಅಂತ ಬಿಡಿಸೋಕೇ ಆಗಲ್ಲ. ಅದೂ ಸಿಹಿಯಾಗಿ ಬೆರೆಯೋ ಹಾರ್ಮನಿ ಅಲ್ಲ, ಒಂದು ಸ್ವರಕ್ಕೆ ಇನ್ನೊಂದು ತಾಗಿ ಉಜ್ಜಿದಂಗೆ ಇರುತ್ತೆ, ಏನೋ ಸರಿ ಇಲ್ಲ ಅನ್ನಿಸ್ತಿರುತ್ತೆ ಆದ್ರೆ ಬಿಡೋಕೂ ಆಗಲ್ಲ. ಗಿಟಾರ್‌ನೂ ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡಿರ್ತಾರೆ, ಅದ್ರಿಂದ ಕೆಳಗಡೆ ಇನ್ನೂ ಭಾರ.

ನಿಮ್ಮ ಎದೆ ಹಗುರ ಆಗೋದಕ್ಕೂ ಇದೇ ಕಾರಣ ಅಂತ ನನ್ನ ನಂಬಿಕೆ. ಒಂಟಿತನದ ಬಗ್ಗೆ ಒಬ್ಬನೇ ಹಾಡಿದ್ರೆ ಅದು ಅಳು. ಅದೇ ಸಾಲನ್ನ ಪಕ್ಕದಲ್ಲಿ ನಿಂತು ಇನ್ನೊಬ್ಬ ತನ್ನ ಸ್ವರದಲ್ಲಿ ಹಾಡ್ತಿದ್ರೆ ಕೇಳೋರಿಗೆ ಜೊತೆ ಸಿಕ್ಕಂಗಾಗುತ್ತೆ.

'ವುಡ್?' (Would?) ಹಾಡು ಗಮನಿಸಿ. ಮದರ್ ಲವ್ ಬೋನ್ ಅಂತ ಅದೇ ಊರಿನ ಬ್ಯಾಂಡ್, ಅದರ ಸಿಂಗರ್ ಆಂಡ್ರ್ಯೂ ವುಡ್ 1990ರಲ್ಲಿ ಹೆರಾಯಿನ್ ಓವರ್‌ಡೋಸ್‌ನಿಂದ ತೀರ್ಕೊಂಡ, ಅವನ ನೆನಪಿಗೆ ಜೆರ್ರಿ ಬರೆದ ಹಾಡು. ಮೊದಲು ಬೇಸ್ ಒಂದೇ ಉರುಳ್ಕೊಂಡು ಬರುತ್ತೆ, ಚರಣ ಜೆರ್ರಿ ತಗ್ಗಿದ ದನಿಯಲ್ಲಿ ಹಾಡ್ತಾನೆ, ಕೋರಸ್‌ಗೆ ಲೇನ್ ನುಗ್ತಾನೆ, ಕೊನೇಲಿ ಒಂದು ಪ್ರಶ್ನೆ ಕೂಗಿ ಹಾಡು ಅಲ್ಲೇ ಕಟ್. ಸಮಾಧಾನ ಮಾಡೋ ಇನ್ನೊಂದು ಕಾರ್ಡ್ (chord, ಒಟ್ಟಿಗೆ ನುಡಿಸೋ ಸ್ವರಗಳು) ಕೂಡ ಇಲ್ಲ. ಆ ಪ್ರಶ್ನೆ ಕೇಳಿದ ಲೇನ್‌ನೂ 2002ರಲ್ಲಿ ಅದೇ ದಾರೀಲಿ ಹೋದ ಅಂತ ಗೊತ್ತಾದ್ಮೇಲೆ ಆ ಕೊನೆ ಕೂಗು ಕೇಳೋಕೆ ಗಟ್ಟಿ ಮನಸ್ಸು ಬೇಕು.

ಶುರು ಮಾಡೋಕೆ 'ಜಾರ್ ಆಫ್ ಫ್ಲೈಸ್'. ಏಳೇ ಟ್ರ್ಯಾಕು, ಅರ್ಧ ಗಂಟೆ.

ಧಾರವಾಡ_ಡ್ರಮ್ಸ್:
ಎರಡನೇ ದನಿ ಅವ್ರು ಹೇಳಿದ್ದು ಖರೆ ಅದ, ಆದ್ರ ಬರೇ ದನಿ ದನಿ ಅಂದ್ರ ಡ್ರಮ್ಸ್ ಬಾರಿಸೋ ಶಾನ್ ಕಿನ್ನಿಗೆ ಅನ್ಯಾಯ ಆಗ್ತದ್ರಿ. 'ಡರ್ಟ್' ಆಲ್ಬಮ್ಮಿನ ಮೊದಲನೇ ಹಾಡು 'ದೆಮ್ ಬೋನ್ಸ್' ಹಚ್ಚಿ ನೋಡ್ರಿ. ಪೀಠಿಕಿ ಏನೂ ಇಲ್ಲ, ಲೇನ್ ಒಮ್ಮೆಲೇ ಚೀರ್ತಾನ, ರಿಫ್ (ಮತ್ತ ಮತ್ತ ಬರೋ ಗಿಟಾರ್ ತುಣುಕು) ಮ್ಯಾಲ ಮ್ಯಾಲ ಏರ್ಕೋತ ಬರ್ತದ. ಅದು ಏಳರ ಲೆಕ್ಕದಾಗ ಅದ. ನಮ್ಮ ಕಡೆ ರೂಪಕ ತಾಳದ ಏಳು ಮಾತ್ರಾ ಕೇಳಿ ಬೆಳದವ್ರಿಗೆ ಏಳು ಅಂದ್ರ ಹೊಸಾದೇನಲ್ಲ, ಆದ್ರೂ ಇಷ್ಟು ಜೋರಿನ ಹಾಡಿನಾಗ ಅದನ್ನ ಕೇಳಿದಾಗ ನಾ ಕೈಯಾಗ ಎಣಿಸ್ಕೋತ ಕುಂತಿದ್ದೆ. ಎಂಟಕ್ಕ ಒಂದು ಪೆಟ್ಟು ಕಡಿಮಿ ಇರೂದಕ್ಕ ಯಾರೋ ಹಿಂದಿಂದ ದೂಡಿದಂಗ ಆಗ್ತದ, ನಿಲ್ಲಾಕ ಬಿಡೂದಿಲ್ಲ. ಕೋರಸ್ ಬಂದ ಕೂಡ್ಲೆ ನಾಕಕ್ಕ ಇಳೀತದ, ಆವಾಗ ಉಸಿರು ಬಿಡಾಕ ಜಾಗಾ ಸಿಗ್ತದ. ಇದನ್ನ ಲೆಕ್ಕಾಚಾರ ತೋರಸಾಕ ಮಾಡಿಲ್ಲ ಅವ್ರು, ಹಾಡಿನ ಅಂಜಿಕಿನ ಆ ತಾಳದಾಗ ಅದ.

ಇನ್ನೊಂದ್ ಮಾತು, ಇವ್ರನ್ನ ಗ್ರಂಜ್ (ಸಿಯಾಟಲ್ ಕಡೆಯ ರಾಕ್ ಶೈಲಿ) ಅಂತ ಒಂದ ಡಬ್ಬ್ಯಾಗ ಹಾಕಬ್ಯಾಡ್ರಿ. 1991ರಾಗ ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ಜೋಡಿ ಟೂರ್ ಮಾಡಿದವ್ರು. ಥ್ರಾಶ್ (ಭಾಳ ವೇಗದ ಮೆಟಲ್) ಕೇಳಾಕ ಬಂದ ಮಂದಿ ಕೈಗೆ ಸಿಕ್ಕಿದ್ದೆಲ್ಲಾ ಸ್ಟೇಜಿಗೆ ಒಗದ್ರೂ ಇವ್ರು ಬಾರಿಸೂದು ಬಿಡ್ಲಿಲ್ಲ. ಮುಂದ ಬೇಸ್‌ಗೆ ಬಂದ ಮೈಕ್ ಐನೆಜ್ ಸುದ್ದಾ ಬ್ಲ್ಯಾಕ್ ಸಬ್ಬತ್ ಅನ್ನೂ ಮೆಟಲ್ ಬ್ಯಾಂಡಿನ ಸಿಂಗರ್ ಆಗಿದ್ದ ಆಜಿ ಆಸ್ಬೋರ್ನ್ ಕಡೆ ಇದ್ದಂವ. ಬ್ಲ್ಯಾಕ್ ಸಬ್ಬತ್ ರಕ್ತ ಹೆಚ್ಚಿಗಿ ಅದ ಇವ್ರಾಗ.

ಮಳೆನಾಡು_ಮಂದಿ:
ನಂಗೆ 'ರೂಸ್ಟರ್'. ರೂಸ್ಟರ್ ಅನ್ನೋದು ಜೆರ್ರಿ ಅಪ್ಪನ ಅಡ್ಡಹೆಸರು, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, ಅಲ್ಲಿ ಏನಾಯ್ತು ಅಂತ ಮನೇಲಿ ಬಾಯಿ ಬಿಡ್ತಿರಲಿಲ್ಲ. ಮಗ ಅಪ್ಪನ ಜಾಗದಲ್ಲಿ ನಿಂತು 'ನಾನು' ಅಂತಾನೇ ಬರೆದ, ಅದನ್ನ ಹಾಡಿದ್ದು ಲೇನ್. ವಿಡಿಯೋದಲ್ಲಿ ಆ ಅಪ್ಪನೇ ಇದಾರೆ, ದೊಡ್ಡ ವರ್ಷನ್ ಹುಡುಕಿ ನೋಡಿ, ಅವರು ಮಾತಾಡೋ ರೀತಿ ನೋಡಿದ್ರೆ ಹಾಡು ಬೇರೇನೇ ಆಗಿ ಕೇಳ್ಸುತ್ತೆ. ಅಪ್ಪನ ಜೊತೆ ಮಾತು ಕಡಿಮೆ ಇರೋ ಮನೆಗಳು ನಮ್ಮಲ್ಲೂ ಎಷ್ಟಿಲ್ಲ ಹೇಳಿ.

ತಂತಿಮನೆ:
'ಡರ್ಟ್' ಪೂರ್ತಿ ಕೇಳ್ದೆ. ದೆಮ್ ಬೋನ್ಸ್‌ಗೆ ನಾನೂ ಎಣಿಸ್ದೆ ಸರ್, ಏಳೇ! ಆದ್ರೆ ಒಂದು ವಿಷಯ ಕಾಡ್ತಿದೆ. ಅರ್ಧ ಆಲ್ಬಂ ಹೆರಾಯಿನ್ ಬಗ್ಗೇನೇ ಇದೆ, 'ಜಂಕ್‌ಹೆಡ್' ಕೇಳಿದ್ರೆ ಹೆಮ್ಮೆಯಿಂದ ಹೇಳ್ಕೋತಿರೋ ತರ ಇದೆ. ನಾವು ಇದನ್ನ ಎಂಜಾಯ್ ಮಾಡೋದು ಸರೀನಾ?

ಹಳೇ_ಕ್ಯಾಸೆಟ್:
ಕೇಳಬೇಕಾದ ಪ್ರಶ್ನೆ ತಮ್ಮಾ. ಜಂಕ್‌ಹೆಡ್ ಒಂದನ್ನೇ ಕಿತ್ತು ಕೇಳಿದ್ರೆ ಹಂಗೇ ಅನ್ಸೋದು. ಆದ್ರೆ ಆಲ್ಬಂ ಮುಂದಕ್ಕೆ ಹೋದಂಗೆ 'ಹೇಟ್ ಟು ಫೀಲ್', 'ಆಂಗ್ರಿ ಚೇರ್' ಬರುತ್ತಲ್ಲ, ಎರಡೂ ಪೂರ್ತಿ ಲೇನ್ ಒಬ್ಬನೇ ಬರೆದ ಹಾಡು, ಅಲ್ಲಿ ಆ ಹೆಮ್ಮೆ ಎಲ್ಲಿ ಉಳಿದಿದೆ ನೋಡು. 1996ರಲ್ಲಿ ರೋಲಿಂಗ್ ಸ್ಟೋನ್‌ಗೆ ಅವನೇ ಹೇಳಿದ್ದ, ಫ್ಯಾನ್ಸ್ ಹತ್ತಿರ ಬಂದು ಹೆಬ್ಬೆರಳು ಎತ್ತಿ ನಾವೂ ನಶೆಯಲ್ಲಿದೀವಿ ಅಂತಾರೆ, ಹಿಂಗಾಗಬಾರದು ಅಂತಾನೇ ನಾನು ಬಯಸಿದ್ದು ಅಂತ. ಅದಕ್ಕೇ ನಂಗೆ ಅವನ ಚಟವನ್ನ ಕಲಾವಿದನ ಲಕ್ಷಣ ಅಂತ ಹೊಗಳೋರನ್ನ ಕಂಡ್ರೆ ಸಿಟ್ಟು ಬರುತ್ತೆ. ಚಟ ಅವನಿಗೆ ಹಾಡು ಕೊಡಲಿಲ್ಲ, ಹಾಡೋದನ್ನ ಕಿತ್ಕೊಳ್ತು. 96ರ ಜುಲೈ ಆದ್ಮೇಲೆ ಈ ಬ್ಯಾಂಡ್ ಜೊತೆ ಅವನು ಒಂದೇ ಒಂದು ಶೋ ಮಾಡಿಲ್ಲ, ಸತ್ತಾಗ 34 ವರ್ಷ, ಮನೇಲಿ ಸತ್ತು ಬಿದ್ದಿದ್ದು ಹೊರಗಿನವರಿಗೆ ಗೊತ್ತಾಗೋಕೇ ಎರಡು ವಾರ ಆಯ್ತು. ಬ್ಯಾಂಡಲ್ಲಿ ಮೊದಲು ಬೇಸ್ ನುಡಿಸ್ತಿದ್ದ ಮೈಕ್ ಸ್ಟಾರ್ ಕೂಡ 2011ರಲ್ಲಿ ಹೋದ.

ಅನ್‌ಪ್ಲಗ್ಡ್‌ನಲ್ಲೇ ನೋಡು, ಎರಡೂವರೆ ವರ್ಷದಷ್ಟು ಸ್ಟೇಜ್ ಬಿಟ್ಟು ಬಂದವನು, ಗುಲಾಬಿ ಬಣ್ಣ ಹಾಕಿದ ಕೂದಲು, ಕಪ್ಪು ಕನ್ನಡಕ, ಮೈಯಲ್ಲಿ ಶಕ್ತಿ ಇಲ್ಲ ಅಂತ ಎದ್ದು ಕಾಣುತ್ತೆ. 'ಸ್ಲಡ್ಜ್ ಫ್ಯಾಕ್ಟರಿ'ಯಲ್ಲಿ ಸಾಲು ತಪ್ಪಿ ಹಾಡು ನಿಲ್ಲಿಸಿ ಮತ್ತೆ ಮೊದಲಿಂದ ಶುರು ಮಾಡ್ತಾನೆ. ಆದ್ರೆ 'ನಟ್‌ಶೆಲ್'ನಲ್ಲಿ ಬಾಯಿ ತೆಗೆದ ಕೂಡ್ಲೆ ಬರೋ ಆ ದನಿ! ಆ ಹಾಡಿಗೆ ಕೋರಸ್ ಅಂತಾನೇ ಇಲ್ಲ, ಅವೇ ಕಾರ್ಡ್‌ಗಳು ತಿರುಗ್ತಿರ್ತವೆ, ಎರಡು ಚರಣ ಹಾಡಿ ಮುಗಿಸ್ತಾನೆ, ಉಳಿದಿದ್ದನ್ನ ಜೆರ್ರಿ ಸೋಲೋ ಹೇಳುತ್ತೆ.

ಬೇಸ್_ಬೇಕು:
ಲೇನ್ ಇಲ್ದೆ ಆಲಿಸ್ ಇನ್ ಚೈನ್ಸ್ ಇಲ್ಲ. 2006ರಿಂದ ಇರೋದು ಬೇರೆ ಬ್ಯಾಂಡು, ಹೆಸರು ಬದಲಾಯಿಸಬೇಕಿತ್ತು. ನನ್ನ ಅಭಿಪ್ರಾಯ ಅಷ್ಟೇ.

ಎರಡನೇ_ದನಿ:
ಒಪ್ಪಲ್ಲ ಮಗಾ. ರಿಫ್ ಜೆರ್ರಿದು, ಹಾಡು ಬಹುಪಾಲು ಜೆರ್ರಿದು, ಎರಡು ದನಿಯಲ್ಲಿ ಒಂದು ದನಿ ಅವನದೇ. ಲೇನ್ ಆದ್ಮೇಲೆ ಸಿಂಗರ್ ಆಗಿ ವಿಲಿಯಂ ಡುವಾಲ್ ಬಂದು ಲೇನ್ ತರ ನಟನೆ ಮಾಡಲಿಲ್ಲ, ಜೆರ್ರಿ ಪಕ್ಕದಲ್ಲಿ ಜಾಗ ತಗೊಂಡ ಅಷ್ಟೇ. 2009ರ 'ಬ್ಲ್ಯಾಕ್ ಗಿವ್ಸ್ ವೇ ಟು ಬ್ಲೂ' ಆಲ್ಬಂ ಕೊನೇ ಹಾಡು ಲೇನ್‌ಗೋಸ್ಕರ ಜೆರ್ರಿ ಬರೆದಿದ್ದು, ಅದಕ್ಕೆ ಪಿಯಾನೋ ಎಲ್ಟನ್ ಜಾನ್. ಹಾಡು ಕಳಿಸಿದ್ರು, ಕೇಳಿ ನುಡಿಸೋಕೆ ಒಪ್ಕೊಂಡ್ರು. ಸ್ನೇಹಿತ ಸತ್ತು ಏಳು ವರ್ಷ ಆದ್ಮೇಲೆ ಅದನ್ನ ಹಾಡೋಕೆ ಬೇರೆ ಹೆಸರು ಯಾಕೆ ಇಟ್ಕೋಬೇಕು ಅವರು? ಒಂದ್ಸಲ ಹೆಡ್‌ಫೋನ್ ಹಾಕ್ಕೊಂಡು ಅದನ್ನ ಕೇಳು, ಆಮೇಲೆ ಇಲ್ಲೇ ಬಂದು ಜಗಳ ಆಡು, ನಾನಿರ್ತೀನಿ.