ಮನಸ್ಸು ಒಪ್ಪದ ಉಪವಾಸಗಳು: ತಮ್ಮುಜ್ 17, ಆವ್ 9, ಗೆದಲ್ಯನ ದಿನ

ಪ್ರಶ್ನೆ
ಬರೆದವರು: ಬೀರ್‌ಶೆವಾ ವಾಸಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಬೆಳೆದ ಬೆನೆ ಇಸ್ರೇಲ್ ಎಂಬ ಭಾರತೀಯ ಯಹೂದಿ ಸಮುದಾಯದವನು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಪ್ರಾರ್ಥನೆಗೆ ಹೀಬ್ರೂ ಎಂಬಂತೆ ಬಾಲ್ಯ ಕಳೆಯಿತು. ಈಗ ಬಹುಕಾಲದಿಂದ ಇಸ್ರೇಲಿನ ದಕ್ಷಿಣ ಭಾಗದ ಬೀರ್‌ಶೆವಾದಲ್ಲಿದ್ದೇನೆ.

ಯೋಮ್ ಕಿಪ್ಪುರ್ ಉಪವಾಸ ನನಗೆ ಎಂದೂ ಭಾರವೆನಿಸಿಲ್ಲ. ಸುಮಾರು 25 ಗಂಟೆಗಳ ಕಾಲ ಅನ್ನ, ನೀರು, ಸ್ನಾನ, ಚರ್ಮದ ಚಪ್ಪಲಿ ಯಾವುದೂ ಇಲ್ಲದಿದ್ದರೂ ಅಂದು ಊರಿಗೆ ಊರೇ ಜೊತೆಗಿರುತ್ತದೆ. ಹೆದ್ದಾರಿಗಳು ಖಾಲಿಯಾಗುತ್ತವೆ, ಮಕ್ಕಳು ನಡುರಸ್ತೆಯಲ್ಲಿ ಸೈಕಲ್ ಓಡಿಸುತ್ತಾರೆ, ಪಾಪಕ್ಷಮೆಯ ದಿನವೆಂಬ ಗಾಂಭೀರ್ಯ ಗಾಳಿಯಲ್ಲೇ ಇರುತ್ತದೆ. ನನ್ನ ತೊಡಕಿರುವುದು ಉಳಿದ ಉಪವಾಸಗಳಲ್ಲಿ. ಹೀಬ್ರೂ ಪಂಚಾಂಗದ ತಿಂಗಳುಗಳ ಲೆಕ್ಕದಲ್ಲಿ ತಿಶ್ರಿ 3ರ ಗೆದಲ್ಯನ ಉಪವಾಸ, ತೆವೆತ್ 10, ತಮ್ಮುಜ್ 17, ಆವ್ 9 ಈ ನಾಲ್ಕೂ ಯೆರೂಸಲೇಮಿನ ಮುತ್ತಿಗೆ, ಪತನ ಮತ್ತು ಅದರ ಪರಿಣಾಮಗಳನ್ನು ನೆನೆಯುವ ದಿನಗಳು ಎಂಬುದನ್ನು ಬಲ್ಲೆ. ಆದರೆ ಆವ್ 9ರ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಯೆರೂಸಲೇಮನ್ನು ಪಾಳುಬಿದ್ದ, ಮಕ್ಕಳಿಲ್ಲದ ನಗರವೆಂದು ಕರೆಯುವಾಗ, ಅದೇ ನಗರದಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ನಾನು ಸುತ್ತಾಡಿದ್ದು ನೆನಪಾಗಿ ಶೋಕದ ಮಾತು ಗಂಟಲಲ್ಲೇ ನಿಲ್ಲುತ್ತದೆ. ಹಸಿವನ್ನು ಸಹಿಸಬಲ್ಲೆ, ಅದು ಏತಕ್ಕೆಂದು ತಿಳಿಯದೆ ಸಹಿಸುವುದು ಕಷ್ಟ.

ಇದರ ಮೇಲೆ ದೇಹದ ಕಾಟ. ಬೇಸಿಗೆಯ ಎರಡು ಉಪವಾಸಗಳಲ್ಲಿ ನಡುಹಗಲಿನ ಹೊತ್ತಿಗೆ ಹಣೆಯ ಎರಡೂ ಬದಿ ಹಿಂಡುವಂತಹ ತಲೆನೋವು ಬಂದು, ಸಂಜೆಯವರೆಗೆ ಗಡಿಯಾರ ನೋಡುವುದೊಂದೇ ಕೆಲಸವಾಗುತ್ತದೆ. ಈ ದಿನಗಳನ್ನು ಮನಃಪೂರ್ವಕವಾಗಿ ಆಚರಿಸುವವರು, ಅಥವಾ ಆಚರಿಸುವವರನ್ನು ಹತ್ತಿರದಿಂದ ಕಂಡವರು, ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1
ಬರೆದವರು: ಹೀಬ್ರೂ ಓದುಗ, ಯೆರೂಸಲೇಮ್

ನಿಮ್ಮ ಪ್ರಶ್ನೆ ಬೈಬಲಿನಲ್ಲೇ ಇದೆ. ಪರ್ಷಿಯಾದ ಅರಸ ದಾರ್ಯಾವೆಷನ ಆಳ್ವಿಕೆಯ ನಾಲ್ಕನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 518ರಲ್ಲಿ, ಬಾಬೆಲಿನವರು (ಬ್ಯಾಬಿಲೋನಿಯದವರು) ಸುಟ್ಟ ಯೆರೂಸಲೇಮಿನ ಮೊದಲ ದೇವಾಲಯದ ಜಾಗದಲ್ಲಿ ಎರಡನೆಯ ದೇವಾಲಯದ ಗೋಡೆಗಳು ಏಳುತ್ತಿದ್ದಾಗ ಕೆಲವರು ಯಾಜಕರ ಬಳಿಗೆ ಬಂದು, ಇಷ್ಟು ವರ್ಷ ಮಾಡಿದಂತೆ ಐದನೆಯ ತಿಂಗಳಲ್ಲಿ (ಆವ್) ಇನ್ನೂ ಅಳಬೇಕೇ ಎಂದು ವಿಚಾರಿಸಿದರು. ಕಟ್ಟಡ ಕಣ್ಣೆದುರೇ ನಿಲ್ಲುತ್ತಿರುವಾಗ ಅದರ ನಾಶಕ್ಕೆ ಅಳುವುದು ಅವರಿಗೂ ವಿಚಿತ್ರವೆನಿಸಿತ್ತು. ಪ್ರವಾದಿ ಜೆಕರ್ಯನ ಮೂಲಕ ಬಂದ ಉತ್ತರದಲ್ಲಿ ಹೌದು ಎಂಬುದೂ ಇಲ್ಲ, ಬೇಡ ಎಂಬುದೂ ಇಲ್ಲ. ಈ ಎಪ್ಪತ್ತು ವರ್ಷ ನೀವು ಉಪವಾಸ ಮಾಡಿದ್ದು ನನಗಾಗಿಯೋ ಎಂದು ದೇವರು ಮರುಪ್ರಶ್ನೆ ಹಾಕುತ್ತಾನೆ. ಬಳಿಕ ವಿಧವೆಯರನ್ನು, ಅನಾಥರನ್ನು, ಪರದೇಶಿಗಳನ್ನು, ಬಡವರನ್ನು ಹಿಂಸಿಸಬೇಡಿರೆಂದು ಹಿಂದಿನ ಪ್ರವಾದಿಗಳು ಹೇಳಿದ್ದನ್ನು ನೆನಪಿಸುತ್ತಾನೆ. ಮುಂದಿನ ಅಧ್ಯಾಯದಲ್ಲಿ, ಈ ನಾಲ್ಕು ಉಪವಾಸಗಳೂ ಒಂದು ದಿನ ಹಬ್ಬಗಳಾಗುವುವು, ಆದುದರಿಂದ ಸತ್ಯವನ್ನೂ ಸಮಾಧಾನವನ್ನೂ ಪ್ರೀತಿಸಿರಿ ಎಂಬ ಮಾತು ಬರುತ್ತದೆ. ಯೋಮ್ ಕಿಪ್ಪುರ್ ಬೆಳಿಗ್ಗೆ ಓದುವ ಯೆಶಾಯನ 58ನೆಯ ಅಧ್ಯಾಯದ ದನಿಯೂ ಇದೇ. ಉಪವಾಸದ ಸಾಮೂಹಿಕ ಪ್ರಾರ್ಥನೆಗಳಲ್ಲಿ ಹಿರಿಯನೊಬ್ಬ ಎದ್ದು ನಿಂತು, ಪ್ರವಾದಿ ಯೋನನ ಮಾತಿಗೆ ಪಶ್ಚಾತ್ತಾಪಪಟ್ಟ ನಿನೆವೆ ನಗರದವರ ಗೋಣಿತಟ್ಟನ್ನೂ ಉಪವಾಸವನ್ನೂ ದೇವರು ಕಂಡನೆಂದು ಬರೆದಿಲ್ಲ, ಅವರ ನಡತೆಯನ್ನು ಕಂಡನೆಂದು ಬರೆದಿದೆ ಎಂದು ಜನರಿಗೆ ನೆನಪಿಸುತ್ತಿದ್ದನೆಂದು ಯಹೂದಿ ಧರ್ಮನಿಯಮಗಳ ಪ್ರಾಚೀನ ಸಂಗ್ರಹವಾದ ಮಿಶ್ನಾ ಹೇಳುತ್ತದೆ. ಮಧ್ಯಯುಗದ ಯಹೂದಿ ಪಂಡಿತ ಮೈಮೊನಿಡೀಸ್ ಈ ನಾಲ್ಕು ದಿನಗಳ ಉದ್ದೇಶವನ್ನು ವಿವರಿಸುವಾಗಲೂ ಹೃದಯವನ್ನು ಎಚ್ಚರಿಸಿ ಪಶ್ಚಾತ್ತಾಪದ ದಾರಿ ತೆರೆಯುವುದಕ್ಕೆಂದೇ ಹೇಳುತ್ತಾನೆ. ಗೋಡೆ ಬಿದ್ದುದಕ್ಕಿಂತ ಗೋಡೆ ಬೀಳುವಂತೆ ಮಾಡಿದ ನಮ್ಮ ಮತ್ತು ನಮ್ಮ ಹಿರಿಯರ ನಡತೆ ಅವನಿಗೆ ಮುಖ್ಯ.

ಹೀಗೆ ನೋಡಿದರೆ ಯೆರೂಸಲೇಮಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ ಎಂಬುದರಿಂದ ಉಪವಾಸ ಅರ್ಥ ಕಳೆದುಕೊಳ್ಳುವುದಿಲ್ಲ. ನನ್ನ ಸಲಹೆಯೆಂದರೆ ನಾಲ್ಕನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ, ಗೆದಲ್ಯನಿಂದ ಆರಂಭಿಸಿ. ಯೆರೆಮೀಯನ 40 ಮತ್ತು 41ನೆಯ ಅಧ್ಯಾಯಗಳನ್ನು ಆ ದಿನ ನಿಧಾನವಾಗಿ ಓದಿ. ದೇವಾಲಯ ಸುಟ್ಟುಹೋಗಿದೆ, ಬಾಬೆಲಿನವರು ಅಹೀಕಾಮನ ಮಗ ಗೆದಲ್ಯನನ್ನು ಉಳಿದ ಬಡವರ ಮೇಲೆ ಅಧಿಪತಿಯಾಗಿ ನೇಮಿಸಿದ್ದಾರೆ, ಓಡಿಹೋದವರು ಮರಳಿ ಬಂದು ದ್ರಾಕ್ಷಿ ಮತ್ತು ಹಣ್ಣುಗಳನ್ನು ಕೂಡಿಸಿಡುತ್ತಿದ್ದಾರೆ, ಬದುಕು ಮತ್ತೆ ಚಿಗುರುತ್ತಿದೆ. ಕೊಲೆಯ ಸಂಚು ನಡೆದಿದೆಯೆಂದು ಯೋಹಾನಾನನು ಎಚ್ಚರಿಸಿದರೂ ಗೆದಲ್ಯ ನಂಬುವುದಿಲ್ಲ. ರಾಜವಂಶದವನಾದ ಇಷ್ಮಾಯೇಲ ಮಿಚ್ಪದಲ್ಲಿ ಅವನ ಪಂಕ್ತಿಯಲ್ಲೇ ಊಟಕ್ಕೆ ಕೂತು ಅವನನ್ನು ಕೊಲ್ಲುತ್ತಾನೆ. ಮರುದಿನ ಶೆಕೆಮ್, ಶಿಲೋ, ಸಮಾರ್ಯಗಳಿಂದ 80 ಮಂದಿ ಗಡ್ಡ ಬೋಳಿಸಿಕೊಂಡು, ಬಟ್ಟೆ ಹರಿದುಕೊಂಡು, ಇಲ್ಲದ ದೇವಾಲಯಕ್ಕೆ ನೈವೇದ್ಯ ಹಿಡಿದು ಬರುತ್ತಾರೆ. ಅವರಲ್ಲಿ 70 ಮಂದಿಯನ್ನು ಕೊಂದು ಬಾವಿಗೆ ತಳ್ಳಲಾಗುತ್ತದೆ. ಉಳಿದ ಹತ್ತು ಮಂದಿ ಹೊಲದಲ್ಲಿ ಗೋಧಿ, ಎಣ್ಣೆ, ಜೇನು ಬಚ್ಚಿಟ್ಟಿದ್ದೇವೆಂದು ಹೇಳಿ ಜೀವ ಉಳಿಸಿಕೊಳ್ಳುತ್ತಾರೆ. ಬದುಕುಳಿದ ಸಮುದಾಯ ಭಯದಿಂದ ಐಗುಪ್ತಕ್ಕೆ ಓಡಿಹೋಗುತ್ತದೆ.

ಇದರಲ್ಲಿ ಹೊರಗಿನ ಶತ್ರು ಕೊಂದ ಕಥೆ ಇಲ್ಲ, ಯಹೂದಿಯನ್ನು ಯಹೂದಿ ಕೊಂದ ಕಥೆ ಇದೆ. 1995ರ ನವೆಂಬರ್ 4ರಂದು ಪ್ರಧಾನಿ ಯಿತ್ಜಾಕ್ ರಾಬಿನ್ ಹತ್ಯೆಯಾದ ಮೇಲೆ ಇಸ್ರೇಲಿನಲ್ಲಿ ಅನೇಕರು ಈ ಎರಡನ್ನೂ ಜೊತೆಯಾಗಿ ನೆನೆಯುತ್ತಾರೆ. ಎರಡನೆಯ ದೇವಾಲಯ ಕಾರಣವಿಲ್ಲದ ದ್ವೇಷದಿಂದ ನಾಶವಾಯಿತೆಂದು ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಲ್ಮೂದ್ ಹೇಳುವ ಮಾತನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಈ ಶೋಕ ಇನ್ನೂ ಹಳತಾಗಿಲ್ಲ ಎಂಬುದು ನನ್ನ ಅನಿಸಿಕೆ.

ಇನ್ನೊಂದು ವಿಷಯ. ಶಾಂತಿ ಇದ್ದಾಗ ಇವು ಹಬ್ಬಗಳು, ಹಿಂಸೆ ಇದ್ದಾಗ ಉಪವಾಸಗಳು, ಎರಡೂ ಇಲ್ಲದಾಗ ಆವ್ 9ರ ಹೊರತು ಉಳಿದವು ಜನರ ಇಚ್ಛೆಗೆ ಬಿಟ್ಟವು ಎಂದು ತಲ್ಮೂದಿನಲ್ಲಿ ಪಾಪ ಎಂಬ ರಬ್ಬಿ (ಯಹೂದಿ ಧರ್ಮಗುರು) ಹೇಳುತ್ತಾನೆ. ಇದನ್ನು ತಿಳಿದ ಮೇಲೆ ನನ್ನ ಉಪವಾಸ ಸ್ವಲ್ಪ ಹಗುರವಾಯಿತು.

ಉತ್ತರ 2
ಬರೆದವರು: ಅಶ್ದೋದಿನ ಓದುಗ

ಹಿಂದಿನ ಉತ್ತರದ ಕೊನೆಯ ಮಾತಿಗೆ ಒಂದು ತಿದ್ದುಪಡಿ ಅಗತ್ಯ. ಜನರ ಇಚ್ಛೆಗೆ ಬಿಟ್ಟದ್ದು ಎಂದರೆ ಒಬ್ಬೊಬ್ಬರ ಇಚ್ಛೆಗೆ ಬಿಟ್ಟದ್ದು ಎಂದಲ್ಲ. ಸಮುದಾಯವು ಈ ಉಪವಾಸಗಳನ್ನು ಬಹಳ ಹಿಂದೆಯೇ ತನ್ನ ಮೇಲೆ ಹೊತ್ತುಕೊಂಡಿದೆಯೆಂದು 13ನೆಯ ಶತಮಾನದ ಪಂಡಿತ ನಖ್ಮಾನಿಡೀಸ್ ವಿವರಿಸಿದ್ದಾನೆ; ಈ ನಾಲ್ಕನ್ನೂ ಎಲ್ಲರೂ ಆಚರಿಸಬೇಕು, ಬೇಲಿ ಮುರಿಯಬಾರದು ಎಂದು ಯಹೂದಿ ನಿಯಮಗ್ರಂಥ ಶುಲ್ಖಾನ್ ಅರೂಖ್ ವಿಧಿಸಿದೆ. ಆದ್ದರಿಂದ ಪ್ರಶ್ನೆ ಕೇಳಿದವರು ಉಪವಾಸವನ್ನು ಕೈಬಿಡಲು ಅದರಲ್ಲಿ ದಾರಿ ಹುಡುಕಬಾರದು.

ಆದರೆ ಪ್ರಾರ್ಥನೆಯ ಮಾತುಗಳ ಬಗ್ಗೆ ಅವರಿಗಿರುವ ಮುಜುಗರ ಅವರೊಬ್ಬರದೇ ಅಲ್ಲ. 1967ರ ಯುದ್ಧದ ಬಳಿಕ, ಟೆಲ್ ಅವೀವ್ ನಗರದ ಮುಖ್ಯ ರಬ್ಬಿಯಾಗಿದ್ದ ಹಯೀಮ್ ಡೇವಿಡ್ ಹಲೇವಿ, ಜನ ತುಂಬಿದ ನಗರವನ್ನು ಪಾಳು ಎಂದು ದೇವರೆದುರು ಹೇಳುವುದು ಸುಳ್ಳಾಗುತ್ತದೆಂದು ಅದನ್ನು ಪಾಳಾಗಿದ್ದ ನಗರವೆಂದು ಭೂತಕಾಲಕ್ಕೆ ತಿರುಗಿಸಿದರು. ರಬ್ಬಿ ಓವಾದ್ಯಾ ಯೋಸೆಫ್ ಮೊದಲಾದವರು ಹಳೆಯ ಪಾಠವನ್ನೇ ಉಳಿಸಬೇಕೆಂದರು. ನಾನು ಹಳೆಯ ಪಾಠವನ್ನೇ ಹೇಳುತ್ತೇನೆ, ಆದರೆ ಹಲೇವಿಯವರ ಪ್ರಾಮಾಣಿಕತೆಯನ್ನು ಗೌರವಿಸುತ್ತೇನೆ.

ನನಗೆ ಫಲ ಕೊಟ್ಟ ಉಪಾಯ ಒಂದೇ. ಉಪವಾಸದ ಪ್ರತಿಫಲ ಅಂದು ಕೊಡುವ ದಾನದಲ್ಲಿದೆ ಎಂಬುದು ತಲ್ಮೂದಿನ ಮಾತು. ಅಂದು ಉಣ್ಣದೆ ಉಳಿದ ಊಟಗಳ ಬೆಲೆಯನ್ನು ಲೆಕ್ಕ ಹಾಕಿ, ಸಂಜೆ ನಾನು ಊಟಕ್ಕೆ ಕೂರುವ ಮೊದಲೇ ಅದು ಹಸಿದವರ ಕೈ ಸೇರುವಂತೆ ನೋಡಿಕೊಳ್ಳುತ್ತೇನೆ. ದಾನವನ್ನು ರಾತ್ರಿ ಕಳೆಯುವವರೆಗೆ ತಡೆಹಿಡಿದ ಉಪವಾಸವನ್ನು ರಕ್ತ ಸುರಿಸಿದ್ದಕ್ಕೆ ಸಮವೆಂದು ಹಿರಿಯರು ಕಟುವಾಗಿಯೇ ಹೇಳಿದ್ದಾರೆ. ಕೊಡಬೇಕಾದವರ ಮನೆ ಹುಡುಕಿ ಹೋಗುವ ಕೆಲಸವಿದ್ದರೆ ಮಧ್ಯಾಹ್ನ ಗಡಿಯಾರದ ಕಡೆ ಅಷ್ಟಾಗಿ ಕಣ್ಣು ಹೋಗುವುದಿಲ್ಲ.

ಉತ್ತರ 3
ಬರೆದವರು: ಶಿರ್ವದವಳು, ಹೈಫಾ

ಅಣ್ಣಾ, ನಾನು ಯಹೂದಿಯಲ್ಲ. ಉಡುಪಿ ಜಿಲ್ಲೆಯ ಶಿರ್ವ ಕಡೆಯ ಕ್ರೈಸ್ತ ಮನೆಯವಳು. ಕರಾವಳಿಯಿಂದ ಬಂದ ಅನೇಕರಂತೆ ಇಲ್ಲಿ ಕೇರ್‌ಗಿವರ್ ಆಗಿದ್ದೇನೆ. ನಾನು ನೋಡಿಕೊಳ್ಳುವ ಹಿರಿಯರಿಗೆ ತೊಂಬತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಅವರನ್ನು ಸಾವ್ತಾ (ಅಜ್ಜಿ) ಎಂದೇ ಕರೆಯುತ್ತೇನೆ. ಯೋಮ್ ಕಿಪ್ಪುರ್ ದಿನ ಅವರಿಗೆ ನೀರು ಕುಡಿಸುವುದೇ ಒಂದು ಹೋರಾಟವಾಗಿತ್ತು. ಡಾಕ್ಟರ್ ಹೇಳಿದರೂ ಒಪ್ಪುತ್ತಿರಲಿಲ್ಲ. ಕೊನೆಗೆ ಅವರ ರಬ್ಬಿ ಮನೆಗೇ ಬಂದು, ಜೀವಕ್ಕೆ ಅಪಾಯವಿರುವವರು ಕುಡಿಯುವುದೇ ಅಂದಿನ ಧರ್ಮ, ಬಿಡುವುದು ತಪ್ಪು ಎಂದು ಹೇಳಿದರು. ಒಂದು ಕೆನ್ನೆ ತುಂಬುವುದಕ್ಕಿಂತ ಕಡಿಮೆ ನೀರನ್ನು ಅಳೆದು, ಎರಡು ಗುಟುಕುಗಳ ನಡುವೆ 9 ನಿಮಿಷ ಬಿಟ್ಟು ಕೊಡುವ ಕ್ರಮವನ್ನು ನನಗೆ ಕಲಿಸಿಕೊಟ್ಟರು. ರೋಗಿಯೇ ತನಗೆ ಬೇಕು ಎಂದರೆ ನೂರು ವೈದ್ಯರು ಬೇಡವೆಂದರೂ ರೋಗಿಯ ಮಾತನ್ನೇ ಕೇಳಬೇಕು ಎಂಬ ನಿಯಮವನ್ನೂ ತಿಳಿಸಿದರು. ಆಮೇಲೆ ಸಾವ್ತಾ ಪ್ರಾರ್ಥನೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಗಡಿಯಾರ ನೋಡಿ ಕೊಟ್ಟಾಗಲೆಲ್ಲ ತಕರಾರಿಲ್ಲದೆ ಕುಡಿದರು.

ನೀವು ಕೇಳಿದ ಚಿಕ್ಕ ಉಪವಾಸಗಳನ್ನು ಅವರು ಮಾಡುವಂತಿಲ್ಲ; ಅವುಗಳಲ್ಲಿ ರೋಗಿಗಳಿಗೆ ವಿನಾಯಿತಿ ಇದೆ, ಆವ್ 9ರ ಹೊರತು ಉಳಿದವುಗಳಲ್ಲಿ ಬಸುರಿ ಬಾಣಂತಿಯರಿಗೂ ಇದೆ. ಆದರೂ ತೆವೆತ್ 10 ಬಂದರೆ ಅವರು ಬೆಳಿಗ್ಗೆಯೇ ದೀಪ ಹಚ್ಚಿಸುತ್ತಾರೆ. ಯಹೂದಿಗಳ ನರಮೇಧದಲ್ಲಿ ಸತ್ತು, ಸತ್ತ ದಿನ ಗೊತ್ತಿಲ್ಲದವರಿಗಾಗಿ ಕದ್ದೀಶ್ ಎಂಬ ಪ್ರಾರ್ಥನೆ ಹೇಳುವ ದಿನವಾಗಿಯೂ ಅದನ್ನು ಇಸ್ರೇಲಿನ ಮುಖ್ಯ ರಬ್ಬಿಗಳ ಮಂಡಳಿ ಗೊತ್ತುಮಾಡಿದೆ. ಅವರ ಅಕ್ಕ ಸತ್ತ ದಿನ ಯಾರಿಗೂ ತಿಳಿದಿಲ್ಲ. ಮಗ ಬಂದು ಕದ್ದೀಶ್ ಹೇಳಿ ಹೋಗುತ್ತಾನೆ. ಎರಡೂವರೆ ಸಾವಿರ ವರ್ಷದ ಹಿಂದಿನ ಮುತ್ತಿಗೆಯ ಬಗ್ಗೆ ನಿಮಗೆ ಅಳು ಬರದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ನಿಮ್ಮ ಬೀದಿಯಲ್ಲೂ ಇಂತಹ ಹಿರಿಯರು ಇರಬಹುದು. ಆ ದಿನ ಅವರ ಬಳಿ ಹೋಗಿ ಕುಳಿತುಕೊಳ್ಳಿ ಎಂದಷ್ಟೇ ಹೇಳಬಲ್ಲೆ.

ಉತ್ತರ 4
ಬರೆದವರು: ವೈದ್ಯೆ, ಮೈಸೂರು

ತಲೆನೋವಿನ ಬಗ್ಗೆ ಮಾತ್ರ ಬರೆಯುತ್ತೇನೆ. ಇದು ವೈದ್ಯಶಾಸ್ತ್ರಕ್ಕೆ ಪರಿಚಿತವಾದದ್ದೇ. ಯೋಮ್ ಕಿಪ್ಪುರ್ ತಲೆನೋವು ಎಂಬ ಹೆಸರಿನಲ್ಲೇ 1995ರಲ್ಲಿ ಇಸ್ರೇಲಿನ ಆಸ್ಪತ್ರೆ ನೌಕರರ ಬಗ್ಗೆ ಅಧ್ಯಯನವೊಂದು ಪ್ರಕಟವಾಗಿದೆ. ಉಪವಾಸ ಮಾಡಿದವರಲ್ಲಿ ಶೇಕಡಾ 39ರಷ್ಟು ಮಂದಿಗೆ ತಲೆನೋವು ಬಂದಿದ್ದರೆ, ಮಾಡದವರಲ್ಲಿ ಅದು ಶೇಕಡಾ 7ರಷ್ಟಿತ್ತು. ಮೊದಲೇ ತಲೆನೋವಿನ ಪ್ರವೃತ್ತಿ ಇರುವವರಿಗೆ ಹೆಚ್ಚು.

ಕಾಫಿ ಕುಡಿಯುವವರಲ್ಲಿ ಕೆಫೀನ್ ತಪ್ಪಿದ್ದೂ ಇದಕ್ಕೆ ಸೇರಿಕೊಳ್ಳುತ್ತದೆ. ಕೊನೆಯ ಲೋಟದ ಬಳಿಕ ಸಾಮಾನ್ಯವಾಗಿ 12ರಿಂದ 24 ಗಂಟೆಗಳೊಳಗೆ ಆ ನೋವು ಆರಂಭವಾಗುವುದರಿಂದ, ಹಿಂದಿನ ಸಂಜೆ ಕುಡಿದವರಿಗೆ ಉಪವಾಸದ ಹಗಲಿನಲ್ಲೇ ಅದು ಕಾಡುತ್ತದೆ. ಒಂದು ವಾರ ಮುಂಚಿನಿಂದ ದಿನಕ್ಕೆ ಅರ್ಧ ಲೋಟದಂತೆ ಇಳಿಸುತ್ತ ಬಂದು, ಕೊನೆಯ ಎರಡು ದಿನ ಪೂರ್ತಿ ಬಿಟ್ಟರೆ ಬಹಳ ವ್ಯತ್ಯಾಸವಾಗುತ್ತದೆ. ನೀರನ್ನು ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ಕುಡಿದರೆ ಮೂತ್ರವಾಗಿ ಹೋಗುತ್ತದೆ, ಹಿಂದಿನ ದಿನವಿಡೀ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಹಿಂದಿನ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿ ಬೇಡ; ಅನ್ನ ಅಥವಾ ರೊಟ್ಟಿ, ಬೇಳೆ, ತರಕಾರಿ, ನೀರಿನಂಶವಿರುವ ಹಣ್ಣು ಸಾಕು. ಬೀರ್‌ಶೆವಾದ ಜುಲೈ ಬಿಸಿಲಿನಲ್ಲಿ ಹಗಲು ಹೊರಗೆ ತಿರುಗಾಡಬೇಡಿ. ದಾನವನ್ನು ಬಿಸಿಲು ಇಳಿದ ಮೇಲೆ ತಲುಪಿಸಿದರೂ ನಡೆಯುತ್ತದೆ. ತಲೆ ಸುತ್ತು, ಗೊಂದಲ, ಮೂತ್ರ ನಿಂತುಹೋಗುವುದು ಇವು ಕಂಡರೆ ಸಂಜೆಯವರೆಗೆ ಕಾಯದೆ ನೀರು ಕುಡಿಯಿರಿ.

ಪ್ರತಿಕ್ರಿಯೆ
ಬರೆದವರು: ಬೀರ್‌ಶೆವಾ ವಾಸಿ

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಶಿರ್ವದ ತಂಗಿಯ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಗೆದಲ್ಯನ ಅಧ್ಯಾಯಗಳನ್ನೂ ನಿನ್ನೆ ರಾತ್ರಿ ಓದಿದೆ. ನೈವೇದ್ಯ ಹಿಡಿದು ಬಂದ ಆ 80 ಮಂದಿಯ ಬಗ್ಗೆ ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಅಶ್ದೋದಿನವರ ದಾನದ ಕ್ರಮವನ್ನು ತಮ್ಮುಜ್ 17ರಿಂದಲೇ ಆರಂಭಿಸುತ್ತೇನೆ. ಪ್ರಾರ್ಥನೆಯಲ್ಲಿ ಮಾತ್ರ ಹಲೇವಿಯವರ ಪಾಠವನ್ನೇ ಹೇಳುವ ಮನಸ್ಸಿದೆ, ಕ್ಷಮಿಸಬೇಕು.

ವೈದ್ಯರಲ್ಲಿ ಒಂದು ವಿಷಯ ಕೇಳಬೇಕು. ನಾನು ದಿನವೂ ಬೆಳಿಗ್ಗೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತೇನೆ. ಉಪವಾಸದ ದಿನ ಅದನ್ನು ಬಿಡಬಹುದೇ?

ಉತ್ತರ 5
ಬರೆದವರು: ವೈದ್ಯೆ, ಮೈಸೂರು

ನೀವಾಗಿಯೇ ಬಿಡಬೇಡಿ. ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುವುದರಿಂದ ನೀರಿಲ್ಲದ ದಿನ ತೊಂದರೆ ಕೊಡಬಹುದು, ಕೆಲವನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ನಿಮ್ಮದು ಯಾವ ಬಗೆಯದೆಂದು ನಿಮಗೆ ಬರೆದುಕೊಟ್ಟ ವೈದ್ಯರನ್ನು ಉಪವಾಸಕ್ಕೆ ಕೆಲವು ವಾರಗಳ ಮೊದಲೇ ಕೇಳಿ. ಹೊತ್ತು ಬದಲಿಸಬೇಕೇ, ಪ್ರಮಾಣ ಇಳಿಸಬೇಕೇ ಎಂಬುದನ್ನು ಅವರು ನಿರ್ಧರಿಸಲಿ.

ಉತ್ತರ 6
ಬರೆದವರು: ಅಶ್ದೋದಿನ ಓದುಗ

ಮಾತ್ರೆ ಬೇಕೇ ಬೇಕು ಎಂದು ವೈದ್ಯರು ಹೇಳಿದರೆ ನಿಮ್ಮ ರಬ್ಬಿಯವರಿಗೂ ತಿಳಿಸಿ. ಚಿಕ್ಕ ಉಪವಾಸಗಳಲ್ಲಿ ನಿತ್ಯದ ಮಾತ್ರೆಯನ್ನು ನುಂಗಲು ಬೇಕಾದಷ್ಟು ನೀರಿಗೆ ಅನೇಕ ರಬ್ಬಿಗಳು ಅನುಮತಿ ಕೊಡುತ್ತಾರೆ, ಅದರಿಂದ ಉಪವಾಸ ಮುರಿದಂತೆ ಆಗುವುದಿಲ್ಲವೆನ್ನುತ್ತಾರೆ. ಹಲೇವಿಯವರ ಪಾಠದ ವಿಷಯಕ್ಕೆ ಕ್ಷಮೆಯ ಅಗತ್ಯವಿಲ್ಲ.