ನೆನಪು ಕಳ್ಕೊಂಡವನೇ ಪತ್ತೇದಾರ ಆದ್ರೆ ಓದುಗರು ನಂಬ್ತಾರಾ?

ಪ್ರಶ್ನೆ:
1860ರ ಸುಮಾರಿನ ಲಂಡನ್‌ನಲ್ಲಿ ನಡೆಯೋ ಪತ್ತೇದಾರಿ ಕಾದಂಬರಿ ಬರೀತಿದೀನಿ. ವಕೀಲರೊಬ್ಬರ ಗುಮಾಸ್ತ ತಲೆಗೆ ಪೆಟ್ಟು ಬಿದ್ದು ಥೇಮ್ಸ್ ದಡದಲ್ಲಿ ಸಿಕ್ತಾನೆ, ತನ್ನ ಹೆಸರೇ ಗೊತ್ತಿಲ್ಲ. ಅದೇ ರಾತ್ರಿ ಆ ವಕೀಲರ ಕೊಲೆ ಆಗಿರುತ್ತೆ. ಇವನು ಹುಡುಕ್ತಾ ಹೋದಷ್ಟೂ ಕೊಲೆ ಮಾಡಿದ್ದು ನಾನೇ ಇರಬಹುದಾ ಅನ್ನೋ ಭಯ ಜಾಸ್ತಿ ಆಗ್ತಾ ಹೋಗುತ್ತೆ, ನನಗೆ ಕಥೆಯ ಜೀವ ಇರೋದೇ ಅಲ್ಲಿ. ಆದ್ರೆ ಓದಿದ ಗೆಳೆಯರೊಬ್ಬರು "ಕೊನೇಲಿ ಇನ್ನೊಂದು ಏಟು ಬಿದ್ದು ಎಲ್ಲಾ ನೆನಪಾಗುತ್ತೆ ತಾನೆ" ಅಂದ್ಬಿಟ್ರು. ನೆನಪು ವಾಪಸ್ ತರದೇನೇ ಕೇಸ್ ಬಗೆಹರಿಸೋಕಾಗುತ್ತಾ?

ಉತ್ತರ 1:
ಖಂಡಿತ ಆಗುತ್ತೆ, ಎರಡನೇ ಏಟಿನ ಕಥೆ ಮಾತ್ರ ದಯವಿಟ್ಟು ಬೇಡ, ತಲೆಗೆ ಮತ್ತೆ ಏಟು ಬಿದ್ರೆ ಮೆದುಳಿಗೆ ಇನ್ನಷ್ಟು ಹಾನಿ ಅಷ್ಟೇ. ಇನ್ನೊಂದು ವಿಷಯ, ಪೆಟ್ಟು ಬಿದ್ದವರಿಗೆ ಸಾಮಾನ್ಯವಾಗಿ ಹೋಗೋದು ಏಟಿನ ಹಿಂದುಮುಂದಿನ ನೆನಪು, ಹೆಸರು ಬಾಲ್ಯ ಎಲ್ಲಾ ಅಳಿಸಿಹೋಗೋದು ತೀರಾ ಅಪರೂಪ. ತಾನು ಯಾರು ಅಂತಾನೇ ಮರೆಯೋದು ಹೆಚ್ಚಾಗಿ ಮನಸ್ಸಿಗೆ ಬಿದ್ದ ಆಘಾತದಿಂದ. 1887ರಲ್ಲಿ ಅಮೆರಿಕದಲ್ಲಿ ಆನ್ಸೆಲ್ ಬೋರ್ನ್ ಅನ್ನೋ ಧರ್ಮಬೋಧಕ ಊರು ಬಿಟ್ಟು ಹೋಗಿ, ಪೆನ್ಸಿಲ್ವೇನಿಯಾದಲ್ಲಿ ಬ್ರೌನ್ ಅನ್ನೋ ಹೆಸರಲ್ಲಿ ಅಂಗಡಿ ಇಟ್ಕೊಂಡಿದ್ದ, ಸುಮಾರು ಎರಡು ತಿಂಗಳಾದ್ಮೇಲೆ ಒಂದು ಬೆಳಗ್ಗೆ ಎದ್ದು ನಾನೆಲ್ಲಿದೀನಿ ಅಂತ ಗಾಬರಿ ಬಿದ್ದ. ನಿಮ್ಮ ಗುಮಾಸ್ತ ಆ ರಾತ್ರಿ ಏನೋ ಸಹಿಸೋಕಾಗದ್ದನ್ನ ನೋಡಿದ್ದ ಅಂತ ಮಾಡಿ, ಪೆಟ್ಟು ಜೊತೆಗಿರಲಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ನೆನಪು ಹೋದ್ರೂ ಕೈಗೆ ಹತ್ತಿದ ಕೆಲಸ ಸಾಮಾನ್ಯವಾಗಿ ಹೋಗಲ್ಲ. ಇವನು ಗುಮಾಸ್ತ ಅಲ್ವಾ, ಆಸ್ಪತ್ರೇಲಿ ಯಾರೋ ಅಕ್ಷರ ಬಾರದ ರೋಗಿ ಮನೆಗೊಂದು ಕಾಗದ ಬರ್ಕೊಡಪ್ಪ ಅಂತಾನೆ, ಇವನು ಪೆನ್ನು ಮಸಿಗೆ ಅದ್ದಿದ ತಕ್ಷಣ ಕೈ ತಾನಾಗೇ ದುಂಡಗೆ ಓಡುತ್ತೆ, ಆಮೇಲೆ ಕೊಲೆಯಾದ ವಕೀಲರ ಮೇಜಲ್ಲಿ ಸಿಕ್ಕಿದ ಬೆದರಿಕೆ ಪತ್ರ ನೋಡಿದ್ರೆ ಅದೇ ಅಕ್ಷರ! ಅಲ್ಲಿಂದ ಅವನ ನಿದ್ದೆ ಹಾಳು. ಆದ್ರೆ ಗುಮಾಸ್ತನ ಕೆಲಸಾನೇ ಬೇರೆಯವರ ಪತ್ರ ನಕಲು ಮಾಡೋದು, ಟೈಪ್‌ರೈಟರ್ ಆಫೀಸಿಗೆ ಬರೋಕೆ ಮುಂಚಿನ ಕಾಲ ಅದು. ಅಕ್ಷರ ಇವನದು, ಮಾತು ಯಾರದೋ. ನೆನಪು ಒಂಚೂರೂ ಬರದೇ ಗಂಟು ಬಿಚ್ಚಿಕೊಳ್ಳುತ್ತೆ.

ಉತ್ತರ 3:
ಕಾಲಾನೂ ನಿಮ್ಮ ಪರವಾಗೇ ಇದೆ. ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಬೆರಳಚ್ಚು ವಿಭಾಗ ಶುರುವಾಗಿದ್ದೇ 1901ರಲ್ಲಿ, ಹಾಗಾಗಿ 1860ರಲ್ಲಿ ಒಬ್ಬ ಯಾರು ಅಂತ ಹೇಳೋಕೆ ಗುರುತಿನವರ ಮಾತೇ ಆಧಾರ, ಆ ಗುರುತಿನವರು ಸುಳ್ಳು ಹೇಳಿದ್ರೆ? "ನೀನು ನನ್ನ ತಮ್ಮ" ಅಂತ ಒಬ್ಬಳು ಬಂದ್ರೆ ಇವನು ಇಲ್ಲ ಅನ್ನೋದು ಹೇಗೆ? 1918ರಲ್ಲಿ ಫ್ರಾನ್ಸಿನ ಲಿಯೋನ್ ಸ್ಟೇಷನ್ನಿನಲ್ಲಿ ನೆನಪಿಲ್ಲದ ಸೈನಿಕನೊಬ್ಬ ಸಿಕ್ಕಿದ್ದ, ಆಂಥೆಲ್ಮ್ ಮಾಂಜಾನ್ ಅಂತ ಕರೀತಿದ್ರು, ಪೇಪರಲ್ಲಿ ಫೋಟೋ ಬಂದ್ಮೇಲೆ ಯುದ್ಧದಲ್ಲಿ ಮಕ್ಕಳು, ಗಂಡಂದಿರು ಕಾಣೆಯಾದ ಎಷ್ಟೋ ಮನೆಯವರು ಇವನು ನಮ್ಮವನೇ ಅಂತ ಬಂದ್ರು. ಅವರು ಮೋಸಗಾರರಲ್ಲ, ಬರೀ ಆಸೆ. ಓದಿದಾಗ ಕರುಳು ಹಿಂಡುತ್ತೆ. ಅಂಥ ಒಬ್ಬ ತಾಯಿನ ನಿಮ್ಮ ಕಾದಂಬರೀಲಿ ತನ್ನಿ, ಅವಳನ್ನ ನಂಬೋದಾ ಬಿಡೋದಾ ಅನ್ನೋದೇ ಅವನಿಗೆ ಎರಡನೇ ಕೇಸ್.

ಪ್ರಶ್ನೆ ಕೇಳಿದವರು:
ಅಕ್ಷರದ ಐಡಿಯಾ ನಿಜಕ್ಕೂ ಅದ್ಭುತ, ನಡು ಭಾಗ ಪೂರ್ತಿ ತಿರುಗಿ ಬರೀತೀನಿ. ತಾಯಿ ಪಾತ್ರಾನೂ ಇರುತ್ತೆ. ಒಂದೇ ಅನುಮಾನ, ಕಥೆ ಅವನ ಬಾಯಲ್ಲೇ ಹೇಳಿಸ್ಲಾ?

ಉತ್ತರ 2:
ಹೇಳಿಸಿ. ಅವನಿಗೆ ಗೊತ್ತಾದದ್ದು ಆ ಪುಟದಲ್ಲೇ ಓದುಗರಿಗೂ ಗೊತ್ತಾಗಲಿ, ಒಂದು ನೆನಪು ಬಂದು ಅವನು ಮುಚ್ಚಿಟ್ಟ ಅಂತ ಆದ್ರೆ ಮಾತ್ರ ಮೋಸ.