ಪೆನ್ಸಿಲ್ವೇನಿಯಾದಲ್ಲಿ ಮೊದಲ್ನೇ ವೋಟು, ಯಾರಿಗೆ ಅಂತ ಹೇಗ್ ನಿರ್ಧಾರ ಮಾಡೋದು?

ಹಾಸನದವಳು, 2024 ಅಕ್ಟೋಬರ್
ಎಲ್ರಿಗೂ ನಮಸ್ಕಾರ. ಈ ವರ್ಷ ಅಮೆರಿಕದ ಸಿಟಿಜನ್ ಆದೆ, ನವೆಂಬರ್ 5ಕ್ಕೆ ಪ್ರೆಸಿಡೆಂಟ್ ಎಲೆಕ್ಷನ್ನು, ನನಗದು ಮೊದಲ್ನೇದು. ಪೋಸ್ಟಲ್ಲಿ ಬ್ಯಾಲೆಟ್ ಬಂದು ನಾಲ್ಕು ದಿನ ಆಯ್ತು, ಡೈನಿಂಗ್ ಟೇಬಲ್ ಮೇಲೇ ಇದೆ, ರಾತ್ರಿ ಪಾತ್ರೆ ತೊಳೆದು ಬಂದು ಪೆನ್ ಹಿಡ್ಕೊಂಡು ಕೂರ್ತೀನಿ, ಕೈ ಓಡಲ್ಲ. ಅಮ್ಮ ಊರಿಂದ ಫೋನ್ ಮಾಡ್ದಾಗೆಲ್ಲ ಕಮಲಾ ಅವ್ರ ತಾಯಿ ನಮ್ ಕಡೆಯೋರಲ್ವಾ, ಅವ್ರಿಗೇ ಹಾಕು ಅಂತಾರೆ. ಯಜಮಾನ್ರು ದಿನಸಿ ರೇಟು, ಮನೆ ಸಾಲದ ಬಡ್ಡಿ ನೋಡು, ಟ್ರಂಪ್ ಇದ್ದಾಗ ಹಿಂಗಿರ್ಲಿಲ್ಲ ಅಂತಾರೆ. ನನ್ ತಲೇಲಿರೋದು ಬೇರೆ. ತಮ್ಮ ಇನ್ನೂ ಎಚ್‌ಒನ್‌ಬಿ ಅನ್ನೋ ಕೆಲಸದ ವೀಸಾದಲ್ಲೇ ಇದಾನೆ, ಅವನ ಮಗಳಿಗೆ ಈಗ 19, 21 ತುಂಬಿದ್ರೆ ಅಪ್ಪನ ವೀಸಾ ಮೇಲೆ ಇರಕ್ಕಾಗಲ್ಲ. ಆಮೇಲೆ ನನ್ ಮಗಳು, ಗರ್ಭಪಾತದ ಕಾನೂನನ್ನ 2022ರಲ್ಲಿ ಸುಪ್ರೀಂ ಕೋರ್ಟ್ ಆಯಾ ರಾಜ್ಯಕ್ಕೇ ಬಿಟ್ಟ ಮೇಲೆ ಅವ್ಳನ್ನ ಯಾವ ರಾಜ್ಯಕ್ಕೆ ಕಾಲೇಜಿಗೆ ಕಳಿಸೋದು ಅಂತ್ಲೂ ಯೋಚ್ನೆ. ನೋಟಾ ಇಲ್ವಂತೆ ಇಲ್ಲಿ. ಗ್ರೀನ್ ಪಾರ್ಟಿಗೆ ಹಾಕ್ಲಾ ಇಲ್ಲ ಸುಮ್ನೆ ಇದ್ಬಿಡ್ಲಾ?

ಫ್ರೀಮಾಂಟ್ ಕನ್ನಡಿಗ
ಮೇಡಂ, ಕ್ಯಾಲಿಫೋರ್ನಿಯಾದ 54 ಎಲೆಕ್ಟರ್ಸೂ (ಪ್ರೆಸಿಡೆಂಟನ್ನ ಆರಿಸೋ ಪ್ರತಿನಿಧಿಗಳು) 1992ರಿಂದ ಡೆಮಾಕ್ರಟ್ಸ್‌ಗೇ ಹೋಗ್ತಿದಾರೆ, ಇಲ್ಲಿ ನಾನು ಮನಸ್ಸಿಗೆ ಬಂದೋರಿಗೆ ಹಾಕ್ಬೋದು. ನಿಮ್ ಕಡೆ ಹಾಗಲ್ಲ. ನಮ್ಮಲ್ಲಿ 224ರಲ್ಲಿ 113 ಬೇಕಲ್ಲ, ಹಂಗೆ ಇಲ್ಲಿ 538ರಲ್ಲಿ 270, ಅದ್ರಲ್ಲಿ 19 ನಿಮ್ ರಾಜ್ಯದ್ದೇ, ಗೆದ್ದೋರಿಗೆ ಅಷ್ಟೂ ಹೋಗುತ್ತೆ.

ಅಟ್ಲಾಂಟಾದಿಂದ
ಸುಮ್ನೆ ಇದ್ಬಿಡ್ಲಾ ಅಂತ ಮಾತ್ರ ಕೇಳ್ಬೇಡಿ ಅಕ್ಕ. ನಾನು ಚಾಮರಾಜನಗರ ಕಡೆಯೋನು. 2004ರಲ್ಲಿ ಸಂತೇಮರಹಳ್ಳೀಲಿ ಎ.ಆರ್. ಕೃಷ್ಣಮೂರ್ತಿ ಒಂದೇ ಒಂದು ವೋಟಲ್ಲಿ ಸೋತಿದ್ದು ನಮ್ ಕಡೆ ಇನ್ನೂ ಮಾತಾಡ್ತಾರೆ. 2020ರಲ್ಲಿ ಇಡೀ ಜಾರ್ಜಿಯಾದಲ್ಲಿ ವ್ಯತ್ಯಾಸ ಇದ್ದಿದ್ದು 11,779 ವೋಟು ಅಷ್ಟೇ. ಗ್ರೀನ್‌ಗೆ ಹಾಕೋದು ತಪ್ಪು ಅನ್ನಲ್ಲ, ಆದ್ರೆ ಗೆಲ್ಲೋದು ಈ ಇಬ್ರಲ್ಲೊಬ್ರೇ, ಯಾರು ಸೋತ್ರೆ ನಿಮಗೆ ಜಾಸ್ತಿ ಬೇಜಾರಾಗುತ್ತೋ ಅವ್ರ ಹೆಸರೇ ನಿಮ್ ಉತ್ತರ. ನಾನು ಹಂಗೇ ತೀರ್ಮಾನ ಮಾಡಿದ್ದು.

ಪಿಟ್ಸ್‌ಬರ್ಗ್ ಮಾಮಿ
ತಂಗೀ, ನಿನ್ ತಮ್ಮನ ವಿಷ್ಯಕ್ಕೆ ಒಂದ್ ಮಾತು. ಒಂದೊಂದು ದೇಶಕ್ಕೆ ಗ್ರೀನ್ ಕಾರ್ಡಲ್ಲಿ 7 ಪರ್ಸೆಂಟ್ ಅಂತಿರೋ ಮಿತಿ ಕಾನೂನಲ್ಲೇ ಇರೋದು, ಪ್ರೆಸಿಡೆಂಟ್ ಒಬ್ರೇ ತೆಗೆಯಕ್ಕಾಗಲ್ಲ, ಕಾಂಗ್ರೆಸ್ಸೇ, ಅಂದ್ರೆ ಇಲ್ಲಿನ ಪಾರ್ಲಿಮೆಂಟೇ, ತಿದ್ದುಪಡಿ ಮಾಡ್ಬೇಕು. ಟ್ರಂಪ್ ಜೂನಲ್ಲಿ ಇಲ್ಲೇ ಡಿಗ್ರಿ ಮುಗಿಸ್ದೋರಿಗೆಲ್ಲ ಗ್ರೀನ್ ಕಾರ್ಡ್ ಕೊಡೋಣ ಅಂದಿದ್ರು, ಅದಕ್ಕೂ ಕಾಂಗ್ರೆಸ್ ಬೇಕು. ಅದಕ್ಕೆ ಬ್ಯಾಲೆಟ್ಟಲ್ಲಿ ಮೊದಲ್ನೇ ಹೆಸರು ನೋಡಿ ನಿಲ್ಲಿಸ್ಬೇಡ, ಕೆಳಗೆ ಕಾಂಗ್ರೆಸ್ಸಿನ ಎರಡು ಸದನ ಸೆನೆಟ್ಟು, ಹೌಸು ಇವೆಯಲ್ಲ, ಅದಕ್ಕೆ ನಿಂತೋರ ಆಫೀಸಿಗೆ ಫೋನ್ ಮಾಡಿ ಈ ಮಕ್ಕಳ ವಿಷ್ಯದಲ್ಲಿ ನಿಮ್ಮ ನಿಲುವು ಏನು ಅಂತ ಕೇಳು, ನಾನು ಕೇಳಿದೀನಿ, ಮಾತಾಡ್ತಾರೆ. ಇನ್ನೊಂದು ಮುಖ್ಯ: ಒಳಗಿನ ಗುಟ್ಟಿನ ಕವರಿಗೆ ಬ್ಯಾಲೆಟ್ ಹಾಕಿ ಆಮೇಲೆ ಹೊರಗಿನ ಕವರಿಗೆ ಹಾಕ್ಬೇಕು, ಒಳಗಿನ ಕವರ್ ಇಲ್ದಿದ್ರೆ ಎಣಿಸಲ್ಲ. ಹೊರಗೆ ಸಹಿ, ತಾರೀಖು ಎರಡೂ ಮರೀಬೇಡ. 5ನೇ ತಾರೀಖು ರಾತ್ರಿ 8ರೊಳಗೆ ಕೌಂಟಿ ಆಫೀಸ್ ಸೇರ್ಬೇಕು.

ಹಾಸನದವಳು
ಮಾಮಿ, ಆ ಒಳಗಿನ ಕವರನ್ನ ಚೀಟಿ ಬರೆಯಕ್ಕೆ ಇಟ್ಕೊಂಡಿದ್ದೆ, ಈಗ ಎತ್ತಿಟ್ಟೆ. ಹೌಸಿಗೆ ನಿಂತಿರೋ ಇಬ್ರ ಆಫೀಸಿಗೂ ನಾಳೆ ಫೋನ್ ಮಾಡ್ತೀನಿ. ಅಟ್ಲಾಂಟಾದವ್ರು ಕೇಳಿದ ಪ್ರಶ್ನೆ ಓದಿದ ತಕ್ಷಣ ಒಂದು ಹೆಸರು ಮನಸ್ಸಿಗೆ ಬಂತು. ಯಾರು ಅಂತ ಅಮ್ಮಂಗೂ ಹೇಳಲ್ಲ, ಯಜಮಾನ್ರಿಗೂ ಹೇಳಲ್ಲ. ಶನಿವಾರ ನಾನೇ ಹೋಗಿ ಕೊಟ್ಟು ಬರ್ತೀನಿ.